ವಿಷಯದ ಆಯ್ಕೆಯೂ ಗುರುವಿನ ಆಯ್ಕೆಯೂ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದು ಪದವಿ ತರಗತಿಗಳ ಪ್ರವೇಶ ಆರಂಭವಾಗುವ ದಿನಗಳಲ್ಲಿ, ನಮ್ಮ ನಾಡಿನ ಯಾವುದೇ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗಿ ನೋಡಿದರೂ, ಕಚೇರಿಯ ಹೊರಗೋಡೆಯ ನೋಟೀಸ್ ಬೋರ್ಡಿನ ಮೇಲೆ ಎಚ್.ಇ.ಪಿ., ಎಚ್.ಇ.ಕೆ., ಪಿ.ಸಿ.ಎಂ., ಸಿ.ಬಿ.ಝಡ್. ಎಂಬ ಅಕ್ಷರಗುಚ್ಛಗಳು ಸಾಲಾಗಿ ಕಾಣುತ್ತವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರ ಮೊದಲಾದ ಮಹಾಶಾಸ್ತ್ರಗಳೆಲ್ಲವೂ ಅಲ್ಲಿ ಒಂದೊಂದು ಅಕ್ಷರವಾಗಿ ಸಂಕ್ಷೇಪಗೊಂಡಿರುತ್ತವೆ. ಕಿಟಕಿಯ ಒಳಗಿನ ಗುಮಾಸ್ತರು, "ಯಾವ ಕಾಂಬಿನೇಷನ್ ಬರ್ಕೊಳ್ಲಪ್ಪಾ?" ಎಂದು ಕೇಳುತ್ತಾರೆ, ಹೊರಗೆ ನಿಂತ ಹುಡುಗನು ಪಕ್ಕದಲ್ಲಿರುವ ತಂದೆಯ ಮುಖವನ್ನು ನೋಡಿ, ತಂದೆಯು ಮಗನ ಮುಖವನ್ನು ನೋಡಿ, ಕೊನೆಗೆ "ನನ್ ಫ್ರೆಂಡ್ ತಗೊಂಡಿರೋದೇ ಹಾಕಿ ಸಾರ್" ಎಂಬ ಉತ್ತರ ಹೊರಡುತ್ತದೆ. ಮೂರು ವರ್ಷಗಳ ವ್ಯಾಸಂಗವನ್ನೂ, ಅದರ ಬೆನ್ನಿಗೆ ಬರುವ ಅನೇಕ ವರ್ಷಗಳ ಜೀವನೋಪಾಯವನ್ನೂ ನಿರ್ಣಯಿಸತಕ್ಕ ಆ ಮಾತು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಈ ಅವಸರಕ್ಕೆ ಹುಡುಗನನ್ನು ನಿಂದಿಸುವುದು ನ್ಯಾಯವಲ್ಲ. ಹತ್ತು ಹನ್ನೆರಡು ವರ್ಷಗಳ ಕಾಲ ಶಾಲೆಯು ಇಟ್ಟ ಪಾಠವನ್ನು ಓದಿ ಒಪ್ಪಿಸುವುದನ್ನಷ್ಟೇ ಕಲಿತು ಬಂದ ಮಗುವಿನ ಮುಂದೆ, ಯಾವ ಪೂರ್ವಸಿದ್ಧತೆಯೂ ಇಲ್ಲದೆ, ಆಯ್ಕೆಯೆಂಬ ಗುರುತರವಾದ ಹೊಣೆಯನ್ನು ನಾವು ಇಡುತ್ತೇವೆ. ಆಯ್ದುಕೊಳ್ಳುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಇದರ ಜೊತೆಗೆ ಕಳೆದ ಕೆಲವು ವರ್ಷಗಳಲ್ಲಿ ಪದವಿ ಶಿಕ್ಷಣದ ಸ್ವರೂಪವೇ ಎರಡು ಬಾರಿ ಪಲ್ಲಟಗೊಂಡಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ನಾಲ್ಕು ವರ್ಷಗಳ ಪದವಿಯೂ ಮುಕ್ತ ಐಚ್ಛಿಕ ವಿಷಯಗಳೂ ಬಂದವು. 2024-25ರಿಂದ ಮೂರು ವರ್ಷಗಳ ಪದವಿಯೂ ಮೂರು ಪ್ರಧಾನ ವಿಷಯಗಳ ಪದ್ಧತಿಯೂ ಮರಳಿ ಬಂದವು. ಅಣ್ಣನು ಓದಿದ ವ್ಯವಸ್ಥೆಯಲ್ಲಿ ತಮ್ಮನು ಓದುತ್ತಿಲ್ಲವಾದಕಾರಣ ಮನೆಯ ಹಿರಿಯರ ಅನುಭವವೂ ಸಂಪೂರ್ಣವಾಗಿ ಆಧಾರಕ್ಕೆ ಬಾರದಂತಾಗಿದೆ. ಆದರೂ ನೀತಿಗಳು ಬದಲಾದ ಮಾತ್ರಕ್ಕೆ ಬದಲಾಗದ ಕೆಲವು ಸಂಗತಿಗಳುಂಟು. ವಿಷಯವನ್ನು ಅದರ ಕೊನೆಯಿಂದ ನೋಡಿ ಆರಿಸಬೇಕು, ಗುರುವನ್ನು ಆತನ ಕೆಲಸದಲ್ಲಿ ನೋಡಿ ಆರಿಸಬೇಕು ಎಂಬ ಎರಡು ಮಾತುಗಳನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಿಷಯದ ವಿಚಾರ. ಹೊಸ ವಿದ್ಯಾರ್ಥಿಯು ಸಾಮಾನ್ಯವಾಗಿ ಪಾಠಪಟ್ಟಿಯನ್ನು ನೋಡುವುದೇ ಇಲ್ಲ. ನೋಡಿದರೂ ಮೊದಲನೆಯ ಸೆಮಿಸ್ಟರಿನ ಪುಟವನ್ನು ನೋಡಿ ಮುಚ್ಚಿಬಿಡುತ್ತಾನೆ. ಮೊದಲ ಪುಟವು ಯಾವಾಗಲೂ ಪರಿಚಿತವಾಗಿಯೇ ಇರುತ್ತದೆ, ಏಕೆಂದರೆ ಅದು ಶಾಲೆಯಲ್ಲಿ ಓದಿದ್ದರ ಮುಂದುವರಿಕೆ. ಇತಿಹಾಸದ ಮೊದಲ ಪುಟದಲ್ಲಿ ಸಿಂಧೂ ನಾಗರಿಕತೆಯೂ ಮೌರ್ಯರೂ ಇರುತ್ತಾರೆ. ಕೊನೆಯ ಪುಟಗಳಿಗೆ ಬಂದರೆ ಶಾಸನವೊಂದನ್ನು ಹೇಗೆ ಪ್ರಮಾಣವೆಂದು ಸ್ವೀಕರಿಸಬೇಕು, ಒಂದೇ ಘಟನೆಯನ್ನು ಇಬ್ಬರು ಇತಿಹಾಸಕಾರರು ಬೇರೆ ಬೇರೆಯಾಗಿ ಬರೆದಾಗ ಯಾರನ್ನು ಯಾವ ಕಾರಣದಿಂದ ನಂಬಬೇಕು ಎಂಬ ಸೂಕ್ಷ್ಮ ಪ್ರಶ್ನೆಗಳು ಎದುರಾಗುತ್ತವೆ. ಮನಃಶಾಸ್ತ್ರವನ್ನು ಮನುಷ್ಯರ ಅಂತರಂಗವನ್ನು ಓದುವ ವಿದ್ಯೆಯೆಂದು ಭಾವಿಸಿ ತೆಗೆದುಕೊಂಡವರು, ಮುಂದೆ ಸಂಖ್ಯಾಶಾಸ್ತ್ರದ ಸರಾಸರಿ, ವಿಚಲನೆ, ಸಹಸಂಬಂಧಗಳೆಂಬ ಲೆಕ್ಕಗಳನ್ನು ಕಂಡು ಬೆದರುವುದುಂಟು. ಭೌತಶಾಸ್ತ್ರವು ಗಾಲಿ, ಲೋಲಕ, ಇಳಿಜಾರುಗಳಿಂದ ಮೊದಲ್ಗೊಂಡು, ಕಣ್ಣಿಗೆ ಕಾಣದ ಕಣಗಳ ಕ್ವಾಂಟಮ್ ಬಲವಿಜ್ಞಾನದಲ್ಲಿ ಹೋಗಿ ನಿಲ್ಲುತ್ತದೆ. ಅಲ್ಲಿ ಕಲ್ಪನೆಗೆ ಗಣಿತವೊಂದೇ ಊರುಗೋಲು. ಆದಕಾರಣ ಪಾಠಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕೆಂದು ಹೇಳುತ್ತೇನೆ. ಕೊನೆಯ ವರ್ಷದ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಕಾಲೇಜಿನ ಗ್ರಂಥಾಲಯದಲ್ಲಿಯೋ ಹಿರಿಯ ವಿದ್ಯಾರ್ಥಿಯ ಕೈಯಿಂದಲೋ ಪಡೆದು, ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ, 'ಈ ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕೆಂಬ ಆಸೆ ನನಗೆ ಆಗುತ್ತಿದೆಯೆ?' ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಆಸೆ ಹುಟ್ಟಿದರೆ ಕಷ್ಟವನ್ನು ಸಹಿಸುವ ಶಕ್ತಿಯೂ ಹುಟ್ಟುತ್ತದೆ. ಆಸೆಯೇ ಹುಟ್ಟದ ಕಡೆ ಎಷ್ಟು ಸುಲಭವಾದ ವಿಷಯವೂ ಮೂರು ವರ್ಷ ಹೊರಲಾರದ ಭಾರವಾಗುತ್ತದೆ.

ಎರಡನೆಯದಾಗಿ, ಆಯ್ದ ವಿಷಯವು ಮುಂದೆ ಯಾವ ಬಾಗಿಲುಗಳನ್ನು ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ ಎಂಬುದನ್ನು ಪ್ರವೇಶಕ್ಕೆ ಮುಂಚೆಯೇ ಅರಿಯುವುದು ಆವಶ್ಯಕ. ಸ್ನಾತಕೋತ್ತರ ತರಗತಿಗಳು, ಅದರಲ್ಲಿಯೂ ವಿಜ್ಞಾನದವು, ಪದವಿಯಲ್ಲಿ ಆ ವಿಷಯವನ್ನು ಓದಿದವರನ್ನೇ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತವೆ. ಗಣಿತವನ್ನು ಬಿಟ್ಟು ಬಿ.ಎಸ್‌ಸಿ. ಮುಗಿಸಿದವನು ಗಣಿತದ ಎಂ.ಎಸ್‌ಸಿ.ಗೆ ಹೋಗಲಾರನು. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರ ನೇಮಕದಲ್ಲಿ ಭೌತವಿಜ್ಞಾನದ ಹುದ್ದೆಗಳೂ ಜೀವವಿಜ್ಞಾನದ ಹುದ್ದೆಗಳೂ ಬೇರೆ ಬೇರೆ, ಪಿ.ಸಿ.ಎಂ. ಓದಿದವರಿಗೆ ಒಂದು, ಸಿ.ಬಿ.ಝಡ್. ಓದಿದವರಿಗೆ ಇನ್ನೊಂದು. ಶಿಕ್ಷಕನಾಗುವ ಹಂಬಲವುಳ್ಳವನು ಈ ಭೇದವನ್ನು ಬಿ.ಎಡ್. ಮುಗಿಸಿದ ಮೇಲೆ ತಿಳಿದುಕೊಂಡರೆ ಪ್ರಯೋಜನವೇನು? ಇದಕ್ಕೆ ಪ್ರತಿಯಾಗಿ, ಇಲ್ಲದ ಕಟ್ಟುಪಾಡನ್ನು ಇದೆಯೆಂದು ನಂಬಿ ನಡೆಯುವವರೂ ಅನೇಕರು. ಐ.ಎ.ಎಸ್. ಆಗಬೇಕಾದರೆ ಎಚ್.ಇ.ಪಿ.ಯನ್ನೇ ತೆಗೆದುಕೊಳ್ಳಬೇಕೆಂಬ ನಂಬಿಕೆ ಹಳ್ಳಿಹಳ್ಳಿಗಳಲ್ಲಿಯೂ ಬೇರೂರಿದೆ. ವಾಸ್ತವವಾಗಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಅಂಗೀಕೃತ ವಿಶ್ವವಿದ್ಯಾನಿಲಯದ ಯಾವ ಪದವಿಯಾದರೂ ಸಾಕು. ಮುಖ್ಯ ಪರೀಕ್ಷೆಯ ಲಿಖಿತ ಭಾಗದ 1750 ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೆ ಮೀಸಲಾದುದು 500. ಆ ಐಚ್ಛಿಕ ವಿಷಯವು ಪದವಿಯಲ್ಲಿ ಓದಿದ್ದೇ ಆಗಿರಬೇಕೆಂಬ ನಿಯಮವೂ ಇಲ್ಲ. ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ಆರಿಸಿಕೊಳ್ಳುವ ಅವಕಾಶವೂ ಅಲ್ಲಿ ಉಂಟು. ಸಸ್ಯಶಾಸ್ತ್ರದಲ್ಲಿ ಮನಸ್ಸಿಟ್ಟ ಹುಡುಗಿಯೊಬ್ಬಳು ಈ ಒಂದು ಸಂಗತಿಯನ್ನು ತಿಳಿಯದೆ, ತನಗೆ ಒಲ್ಲದ ವಿಷಯಗಳ ನಡುವೆ ಮೂರು ವರ್ಷಗಳನ್ನು ಕಳೆಯುವಂತಾದರೆ ಅದು ಆಕೆಗೆ ಮಾತ್ರವಲ್ಲ, ಸಸ್ಯಶಾಸ್ತ್ರಕ್ಕೂ ನಷ್ಟ.

ಮೂರನೆಯದು ಕಾಲದ ಲೆಕ್ಕ. 2015ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ದೇಶಾದ್ಯಂತ ಪ್ರಚುರಪಡಿಸಿದ ಕ್ರೆಡಿಟ್ ಪದ್ಧತಿಯಲ್ಲಿ, ವಾರಕ್ಕೆ ಒಂದು ಗಂಟೆಯ ಪಾಠವು ಒಂದು ಸೆಮಿಸ್ಟರಿನ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯಲ್ಲಾದರೆ ಅಷ್ಟೇ ಕ್ರೆಡಿಟ್ಟಿಗೆ ವಾರಕ್ಕೆ ಎರಡು ಗಂಟೆ ನಿಲ್ಲಬೇಕು. ಕಾಗದದ ಮೇಲೆ ಸಮಾನವಾಗಿ ಕಾಣುವ ಎರಡು ವಿಷಯಗಳು ವಿದ್ಯಾರ್ಥಿಯ ದಿನದಲ್ಲಿ ಸಮಾನವಾಗಿರುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಮೂರು ಪ್ರಾಕ್ಟಿಕಲ್ ವಿಷಯಗಳನ್ನು ಹಿಡಿದವನು ವಾರದ ಹಲವು ಅಪರಾಹ್ನಗಳನ್ನು ಪ್ರಯೋಗಶಾಲೆಗೆ ಒಪ್ಪಿಸಬೇಕಾಗುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರು ದೂರದ ಹಳ್ಳಿಯಿಂದ ಬಸ್ ಪಾಸು ಹಿಡಿದು ಬರುವ ವಿದ್ಯಾರ್ಥಿನಿಗೆ, ಸಂಜೆಯ ಬಸ್ಸು ತಪ್ಪಿದರೆ ಊರು ಮುಟ್ಟುವುದು ಹೇಗೆಂಬ ಪ್ರಶ್ನೆ ಶಾಸ್ತ್ರಜ್ಞಾನದಷ್ಟೇ ಸತ್ಯವಾದದ್ದು. ಅಂಥ ಕಾರಣದಿಂದ ವಿಷಯವನ್ನು ಆರಿಸುವುದು ಅಲ್ಪತನವಲ್ಲ. ಆದರೆ ವಿಷಯವನ್ನು ಕೈಬಿಡುವ ಮುನ್ನ ಹಿಂದಿನ ವರ್ಷದ ವೇಳಾಪಟ್ಟಿಯನ್ನು ಕೇಳಿ ನೋಡಬೇಕು, ಹಾಸ್ಟೆಲಿನ ಅರ್ಜಿಯನ್ನು ಹಾಕಬೇಕು, ಪ್ರಾಂಶುಪಾಲರೊಡನೆ ಮಾತನಾಡಬೇಕು. ಶೇಕಡ 75ರ ಹಾಜರಾತಿಯ ನಿಯಮ ಬಹುತೇಕ ಎಲ್ಲೆಡೆ ಇರುವುದರಿಂದ, 'ಅಟೆಂಡೆನ್ಸ್ ಶಾರ್ಟೇಜ್' ಎಂಬ ಪಟ್ಟಿ ಗೋಡೆಗೆ ಬಿದ್ದ ಮೇಲೆ ಬಸ್ಸಿನ ಕಷ್ಟವನ್ನು ಹೇಳಿಕೊಂಡರೆ ಕೇಳುವವರು ಕಡಿಮೆ.

ಇನ್ನು ಗುರುವಿನ ವಿಚಾರ. ಶಿಷ್ಯನು ಗುರುವನ್ನು ಆರಿಸುವುದೆಂದರೆ ಏನೋ ಅವಿನಯವೆಂದು ನಮ್ಮಲ್ಲಿ ಕೆಲವರು ಭಾವಿಸುವುದುಂಟು. ನಮ್ಮ ಪರಂಪರೆ ಹಾಗೆ ಭಾವಿಸಿರಲಿಲ್ಲ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು, ತಮ್ಮ ಸಂಶಯಗಳನ್ನು ಪರಿಹರಿಸಬಲ್ಲವನು ಈತನೇ ಎಂದು ನಿಶ್ಚಯಿಸಿಕೊಂಡು, ಸಮಿತ್ಪಾಣಿಗಳಾಗಿ ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗುತ್ತಾರೆ. ಆತನು ಕೂಡಲೇ ಉಪದೇಶಕ್ಕೆ ತೊಡಗದೆ, ಇನ್ನೊಂದು ಸಂವತ್ಸರ ಕಾಲ ತನ್ನೊಡನೆ ವ್ರತನಿಷ್ಠರಾಗಿರಬೇಕೆಂದೂ, ಬಳಿಕ ಪ್ರಶ್ನೆಗಳನ್ನು ಕೇಳಬಹುದೆಂದೂ, ತನಗೆ ತಿಳಿದಿದ್ದ ಪಕ್ಷದಲ್ಲಿ ಎಲ್ಲವನ್ನೂ ಹೇಳುವೆನೆಂದೂ ಉತ್ತರಿಸುತ್ತಾನೆ. ಆಯ್ಕೆ ಅಲ್ಲಿ ಎರಡು ಕಡೆಯಿಂದಲೂ ನಡೆಯಿತು. ಅವಸರ ಎರಡು ಕಡೆಯಲ್ಲಿಯೂ ಇರಲಿಲ್ಲ. ಮತ್ತು ತನಗೆ ತಿಳಿಯದಿರುವುದೂ ಇರಬಹುದೆಂದು ಮೊದಲೇ ಒಪ್ಪಿಕೊಳ್ಳುವ ಪ್ರಾಂಜಲತೆ ಗುರುವಿನಲ್ಲಿತ್ತು. ಯೂರೋಪಿನಲ್ಲಿ ಈ ಹಕ್ಕು ಇನ್ನೂ ಕಠಿಣವಾದ ರೂಪವನ್ನು ತಾಳಿತ್ತು. ಮಧ್ಯಯುಗದ ಇಟಲಿಯ ಬೊಲೋನ್ಯದಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಅಧ್ಯಾಪಕರಿಗೆ ಸಂಭಾವನೆಯನ್ನು ತೆರುತ್ತಿದ್ದರು; ತಡವಾಗಿ ಪಾಠವನ್ನು ಆರಂಭಿಸಿದವರಿಗೂ, ಗಂಟೆಯಾದ ಮೇಲೂ ಮುಂದುವರಿಸಿದವರಿಗೂ ದಂಡ ವಿಧಿಸುತ್ತಿದ್ದರು; ಕ್ರಮದ ಉಪನ್ಯಾಸಕ್ಕೆ ಐದು ಮಂದಿ ಶ್ರೋತೃಗಳನ್ನೂ ಕೂಡಿಸಲಾರದ ಅಧ್ಯಾಪಕನನ್ನು ಗೈರುಹಾಜರಾದವನಂತೆಯೇ ಎಣಿಸುತ್ತಿದ್ದರು.

ಆದರೆ ವಿದ್ಯಾರ್ಥಿಗಳ ಗುಂಪು ಸೇರುವುದೇ ಒಳ್ಳೆಯ ಗುರುವಿನ ಲಕ್ಷಣವೆನ್ನಲಾದೀತೆ? 1820ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಜ್ಞಾನಿ ಶೋಪೆನ್‌ಹೌರನು, ಆಗ ಕೀರ್ತಿಯ ಶಿಖರದಲ್ಲಿದ್ದ ಹೆಗೆಲನು ಪಾಠ ಹೇಳುವ ಗಳಿಗೆಯನ್ನೇ ತನ್ನ ಉಪನ್ಯಾಸಕ್ಕೂ ಗೊತ್ತುಮಾಡಿದನು. ಹೆಗೆಲನ ಕೊಠಡಿ ತುಂಬಿತು; ಶೋಪೆನ್‌ಹೌರನ ಕೊಠಡಿಯಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ಉಳಿದರು. ಮುಂದಿನ ತಲೆಮಾರುಗಳಲ್ಲಿ ಯೂರೋಪಿನ ಅನೇಕ ಚಿಂತಕರನ್ನೂ ಕಲಾವಿದರನ್ನೂ ಗಾಢವಾಗಿ ಪ್ರಭಾವಿಸಿದ ಆ ಮನುಷ್ಯನು ಪಾಠ ಹೇಳುತ್ತಿದ್ದಾಗ ಬೆಂಚುಗಳು ಬರಿದಾಗಿದ್ದವು. ಹೆಗೆಲನನ್ನು ಆರಿಸಿದವರು ತಪ್ಪು ಮಾಡಿದರೆಂದು ಹೇಳುವಂತಿಲ್ಲ. ಜನಸಂದಣಿಯೊಂದರಿಂದಲೇ ನಿರ್ಣಯಿಸಿದವರಿಗೆ ಎದುರಿನ ಕೊಠಡಿಯಲ್ಲಿ ಏನಿತ್ತೆಂಬುದು ತಿಳಿಯದೆ ಹೋಯಿತೆಂದಷ್ಟೇ ಹೇಳಬಹುದು.

ಇದಕ್ಕಿಂತ ಮನೋಹರವಾದ ನಿದರ್ಶನ ನಮ್ಮ ಮೈಸೂರಿನಲ್ಲಿಯೇ ಇದೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜ ಕಾಲೇಜಿನಲ್ಲಿ, 1918ರಿಂದ 1921ರವರೆಗೆ ಸರ್ವಪಲ್ಲಿ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ವಾಗ್ವೈಖರಿಗೆ ಮನಸೋತ ವಿದ್ಯಾರ್ಥಿಗಳು, ಅವರು ಕಲ್ಕತ್ತೆಗೆ ಹೊರಟ ದಿನ ಗಾಡಿಯನ್ನು ಹೂಗಳಿಂದ ಅಲಂಕರಿಸಿ, ತಾವೇ ಎಳೆದುಕೊಂಡು ರೈಲು ನಿಲ್ದಾಣವನ್ನು ಮುಟ್ಟಿಸಿದ ಸಂಗತಿ ಪ್ರಸಿದ್ಧವಾಗಿದೆ. ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿ ಎಂ. ಹಿರಿಯಣ್ಣನವರಿದ್ದರು. ಅವರದು ಮಿತಭಾಷೆ, ಒಂದು ಶಬ್ದ ಹೆಚ್ಚಾಗದಂತೆ, ಒಂದು ಕಡಿಮೆಯಾಗದಂತೆ ತೂಗಿ ಆಡುವ ರೀತಿ. ಅವರು ಅನೇಕ ವರ್ಷಗಳ ಕಾಲ ಮೈಸೂರಿನಲ್ಲಿ ಹೇಳಿದ ಪಾಠಗಳೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ನಿರೂಪಿಸುವ ಇಂಗ್ಲಿಷ್ ಗ್ರಂಥವಾಗಿ ಪ್ರಕಟಗೊಂಡವು. ಇಂದಿಗೂ ಆ ಶಾಸ್ತ್ರಕ್ಕೆ ಪ್ರವೇಶಿಸುವವರು ಮೊದಲು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಅದೊಂದು. ಒಬ್ಬರ ಪಾಠದಲ್ಲಿ ಪ್ರವಾಹವಿತ್ತು, ಇನ್ನೊಬ್ಬರ ಪಾಠದಲ್ಲಿ ಪಾರದರ್ಶಕವಾದ ಸ್ಥೈರ್ಯವಿತ್ತು. ಅಂದಿನ ವಿದ್ಯಾರ್ಥಿಯು ವಾಗ್ಮಿತೆಯೊಂದನ್ನೇ ಗುರುತ್ವವೆಂದು ತಿಳಿದಿದ್ದರೆ ಹಿರಿಯಣ್ಣನವರನ್ನು ಕಳೆದುಕೊಳ್ಳುತ್ತಿದ್ದನು. ಗಾಂಭೀರ್ಯವೊಂದನ್ನೇ ಪಾಂಡಿತ್ಯವೆಂದು ತಿಳಿದಿದ್ದರೆ ರಾಧಾಕೃಷ್ಣನ್ನರನ್ನು ಕಳೆದುಕೊಳ್ಳುತ್ತಿದ್ದನು.

ಹಾಗಾದರೆ ಗುರುವನ್ನು ಗುರುತಿಸುವ ಬಗೆ ಯಾವುದು? ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಮಾರುವವನ ವರ್ಣನೆಗೆ ಕಿವಿಗೊಟ್ಟರೂ ಹಣವನ್ನು ಬಿಚ್ಚುವ ಮೊದಲು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿಯೇ ನೋಡುತ್ತಾನೆ. ಹೊಸ ವಿದ್ಯಾರ್ಥಿಯು ಮಾತ್ರ ಸೀನಿಯರುಗಳನ್ನು "ಆ ಸಾರ್ ಹೇಗೆ?" ಎಂದು ಕೇಳಿ, "ಸೂಪರ್ ಕಣೋ, ಇಂಟರ್ನಲ್ಸ್ ಫುಲ್ ಕೊಡ್ತಾರೆ" ಎಂಬ ಉತ್ತರದಿಂದ ತೃಪ್ತನಾಗುತ್ತಾನೆ. ಆಂತರಿಕ ಅಂಕಗಳನ್ನು ಉದಾರವಾಗಿ ಕೊಡುವುದು ಅಧ್ಯಾಪಕರ ಸೌಜನ್ಯವನ್ನು ತೋರಿಸಬಹುದು. ಆದರೆ ಕಲಿಸುವ ಸಾಮರ್ಥ್ಯಕ್ಕೆ ಅದು ಪ್ರಮಾಣವಾಗಲಾರದು. ಅದೇ ಸೀನಿಯರನ್ನು, "ಅವರ ಕ್ಲಾಸು ಮುಗಿದ ಮೇಲೆ ನೀವಾಗಿ ಹುಡುಕಿಕೊಂಡು ಓದಿದ ಪುಸ್ತಕ ಯಾವುದಣ್ಣಾ?" ಎಂದು ಕೇಳಿ ನೋಡಬೇಕು. ಉತ್ತರ ಹೇಳುವಾತನು ಒಂದು ಪುಸ್ತಕದ ಹೆಸರನ್ನು ಹೇಳಿದರೆ ಆ ಅಧ್ಯಾಪಕರ ಕೊಠಡಿಯಲ್ಲಿ ಏನೋ ನಡೆಯುತ್ತಿದೆಯೆಂದು ತಿಳಿಯಬಹುದು. ನೋಟ್ಸಿನ ಜೆರಾಕ್ಸ್ ಪ್ರತಿಯನ್ನಷ್ಟೇ ತೋರಿಸಿದರೆ ಅದೂ ಒಂದು ಉತ್ತರವೇ.

ಇದಕ್ಕೂ ಮಿಗಿಲಾದ ಸಾಕ್ಷಿ ತಿದ್ದಿದ ಉತ್ತರಪತ್ರಿಕೆ. ಅರ್ಥಶಾಸ್ತ್ರದ ಮೊದಲ ಟೆಸ್ಟಿನಲ್ಲಿ ವಿದ್ಯಾರ್ಥಿಯೊಬ್ಬನು 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ' ಎಂದು ಬರೆದನೆಂದಿಟ್ಟುಕೊಳ್ಳೋಣ. ಒಬ್ಬ ಅಧ್ಯಾಪಕರು ಅದರ ಪಕ್ಕದಲ್ಲಿ ಒಂದು ರೈಟ್ ಗುರುತನ್ನು ಹಾಕಿ, ಕೆಳಗೆ ಹತ್ತಕ್ಕೆ ಏಳು ಎಂದು ಬರೆದು ಮುಗಿಸುತ್ತಾರೆ. ಇನ್ನೊಬ್ಬರು ಅದೇ ಏಳು ಅಂಕವನ್ನು ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಿಂದ, 'ಇತರ ಅಂಶಗಳು ಸ್ಥಿರವಾಗಿದ್ದರೆ ಎಂಬ ಮಾತನ್ನು ಏಕೆ ಬಿಟ್ಟೆ? ಮದುವೆಯ ತಿಂಗಳಲ್ಲಿ ಚಿನ್ನದ ಬೆಲೆ ಏರಿದರೂ ಅಂಗಡಿಯಲ್ಲಿ ಜನ ಕಡಿಮೆಯಾಗುವುದಿಲ್ಲವೇಕೆ, ಯೋಚಿಸು' ಎಂದು ಎರಡು ಸಾಲು ಬರೆಯುತ್ತಾರೆ. ಆ ಎರಡು ಸಾಲುಗಳಲ್ಲಿ ವಿದ್ಯಾರ್ಥಿಯ ತಪ್ಪು ಎಲ್ಲಿದೆ ಎಂಬ ಅರಿವು ಇದೆ, ಆತನು ಇನ್ನೂ ಮುಂದೆ ಹೋಗಬಲ್ಲನೆಂಬ ನಂಬಿಕೆ ಇದೆ, ಶಾಸ್ತ್ರದ ಸೂತ್ರವನ್ನು ಊರಿನ ಬೀದಿಗೆ ತಂದು ನಿಲ್ಲಿಸುವ ಕೌಶಲ ಇದೆ. ಸೀನಿಯರುಗಳ ಬಳಿ ಇರುವ ಹಳೆಯ ಟೆಸ್ಟ್ ಪುಸ್ತಕವನ್ನು ಕೇಳಿ ಪಡೆದು ಅದರ ಅಂಚುಗಳನ್ನು ಒಮ್ಮೆ ನೋಡಿದವನಿಗೆ, ಅಧ್ಯಾಪಕರನ್ನು ಕುರಿತ ಹತ್ತು ಮಂದಿಯ ಅಭಿಪ್ರಾಯದ ಅವಶ್ಯಕತೆ ಬೀಳುವುದಿಲ್ಲ.

ತರಗತಿಯಲ್ಲಿ ಕುಳಿತ ಮೊದಲ ಎರಡು ವಾರಗಳಲ್ಲಿ ಗಮನಿಸತಕ್ಕ ಇನ್ನೂ ಕೆಲವು ಲಕ್ಷಣಗಳಿವೆ. ಪ್ರಶ್ನೆ ಕೇಳಿದಾಗ ಅಧ್ಯಾಪಕರು ಅದನ್ನು ಪಾಠಕ್ಕೆ ಬಂದ ವಿಘ್ನವೆಂದು ಎಣಿಸುತ್ತಾರೆಯೇ, ಅಥವಾ ಪಾಠದ ಭಾಗವೆಂದೇ? ತಿಳಿಯದಿದ್ದಾಗ, ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ ಎನ್ನುತ್ತಾರೆಯೇ, ಹೇಳಿದಂತೆ ಮರುದಿನ ಹೇಳುತ್ತಾರೆಯೇ? ಕನ್ನಡ ಮಾಧ್ಯಮದಿಂದ ಬಂದು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತವರಿಗಾಗಿ ಇಂಗ್ಲಿಷಿನ ಪರಿಭಾಷೆಯನ್ನು ಬಿಡಿಸಿ ಹೇಳುತ್ತಾರೆಯೇ? ಪಾಠ ಕಠಿಣವಾಗಿದ್ದಲ್ಲಿ ಆ ಕಾಠಿಣ್ಯ ವಿಷಯದ್ದೇ, ಬೋಧನೆಯದೇ? ಈ ಕೊನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಸುಲಭೋಪಾಯವೆಂದರೆ, ಅದೇ ಭಾಗವನ್ನು ಪುಸ್ತಕದಲ್ಲಿ ಓದಿ ನೋಡುವುದು: ಪುಸ್ತಕದಲ್ಲಿಯೂ ಕಷ್ಟವಾದರೆ ವಿಷಯ ಕಠಿಣವಾದದ್ದು, ಅಧ್ಯಾಪಕರನ್ನು ದೂಷಿಸದೆ ಶ್ರಮಿಸಬೇಕು, ಪುಸ್ತಕದಲ್ಲಿ ತಿಳಿಯಾಗಿದ್ದದ್ದು ಪಾಠದಲ್ಲಿ ಮಾತ್ರ ಗೊಂದಲವಾದರೆ ಬೇರೆ ಆಸರೆಯನ್ನು ಹುಡುಕಬೇಕು. ಅತಿಥಿ ಉಪನ್ಯಾಸಕರೆಂದು ಯಾರನ್ನೂ ಕೀಳಾಗಿ ಕಾಣುವುದು ಮಾತ್ರ ಸಲ್ಲದು. ಸರ್ಕಾರಿ ಕಾಲೇಜುಗಳ ಪಾಠದ ಬಹುಭಾಗವನ್ನು ಇಂದು ಹೊತ್ತಿರುವವರು ಅವರೇ. ಅಲ್ಪ ಗೌರವಧನಕ್ಕೂ ಅನಿಶ್ಚಿತ ನಾಳೆಗೂ ಒಡ್ಡಿಕೊಂಡು, ಹೊಸ ಓದಿನ ಉತ್ಸಾಹದಿಂದ ಪಾಠ ಹೇಳುವ ಅನೇಕರು ಅವರಲ್ಲಿದ್ದಾರೆ.

ಇಷ್ಟೆಲ್ಲ ಕೇಳಿದ ಮೇಲೆ ಓದುಗರು ನ್ಯಾಯವಾಗಿಯೇ ಒಂದು ಆಕ್ಷೇಪವನ್ನು ಎತ್ತಬಹುದು: ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರಿರುವ ಊರಿನ ಕಾಲೇಜಿನಲ್ಲಿ ಗುರುವನ್ನು ಆರಿಸುವ ಮಾತೆಲ್ಲಿಯದು? ಅಂಥ ಕಡೆ ವಿಷಯವನ್ನು ಆರಿಸುವುದೇ ಗುರುವನ್ನು ಆರಿಸುವುದು. ಎರಡು ಕಾಂಬಿನೇಷನ್ನುಗಳ ನಡುವೆ ಮನಸ್ಸು ತೂಗುತ್ತಿದ್ದರೆ, ಅವುಗಳ ಭವಿಷ್ಯದ ಬಾಗಿಲುಗಳು ಸಮಾನವಾಗಿದ್ದ ಪಕ್ಷದಲ್ಲಿ, ಒಳ್ಳೆಯ ಅಧ್ಯಾಪಕರಿರುವ ಕಡೆಗೆ ಹೋಗುವುದು ವಿವೇಕ. ಸೇರಿದ ಮೇಲೆ ತಪ್ಪಾಯಿತೆಂದು ಕಂಡರೆ, ವಿಷಯಬದಲಾವಣೆಗೆ ಕಾಲೇಜು ಗೊತ್ತುಮಾಡಿದ ಕೊನೆಯ ದಿನಾಂಕವನ್ನು ಮೊದಲೇ ವಿಚಾರಿಸಿಟ್ಟುಕೊಂಡು ಅದರೊಳಗೆ ಅರ್ಜಿ ಕೊಡಬೇಕು. ಸಂಕೋಚಪಟ್ಟು ಸುಮ್ಮನಿದ್ದವರು ವರ್ಷಾಂತ್ಯದಲ್ಲಿ ಬ್ಯಾಕ್‌ಲಾಗುಗಳನ್ನು ಎಣಿಸುತ್ತಾ ಕೂರಬೇಕಾಗುತ್ತದೆ. ಅದೂ ಸಾಧ್ಯವಾಗದಿದ್ದಲ್ಲಿ, ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ದೇಶದ ಹೆಸರಾಂತ ವಿದ್ಯಾಸಂಸ್ಥೆಗಳ ಅಧ್ಯಾಪಕರ ಪಾಠಗಳನ್ನು ಕೇಳಲು ಶುಲ್ಕವಿಲ್ಲ. ಪಕ್ಕದ ವಿಭಾಗದ ಅಧ್ಯಾಪಕರಾಗಲಿ, ಸದಾ ಓದುತ್ತಿರುವ ಗ್ರಂಥಪಾಲಕರಾಗಲಿ ಗುರುವಾಗಬಾರದೆಂಬ ನಿಯಮ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಇಲ್ಲ.

ಗುರುವಿನ ಪ್ರಭಾವ ಎಷ್ಟು ದೂರ ಚಾಚಬಲ್ಲದೆಂಬುದಕ್ಕೆ ಕುವೆಂಪು ಅವರ ಜೀವನವೇ ಸಾಕ್ಷಿ. ತತ್ತ್ವಶಾಸ್ತ್ರವನ್ನು ಓದಿ 1927ರಲ್ಲಿ ಬಿ.ಎ. ಮುಗಿಸಿದ ಅವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಗತಾನೆ ಆರಂಭವಾದ ಕನ್ನಡ ಎಂ.ಎ. ತರಗತಿಯನ್ನು ಸೇರಿ 1929ರಲ್ಲಿ ಉತ್ತೀರ್ಣರಾದರು. ಮುಂದೆ ಯಾವ ಉದ್ಯೋಗ, ಎಷ್ಟು ಸಂಬಳ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರದ ಹೊಸ ದಾರಿ ಅದು. ಆ ದಾರಿಯಲ್ಲಿ ಅವರಿಗೆ ಗುರುವಾಗಿ ದೊರೆತವರು ಟಿ. ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ ಪ್ರಕಟವಾದ ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕವಿಯು ಅರ್ಪಿಸಿದ್ದು ಆ ಗುರುವಿಗೇ. ತತ್ತ್ವಶಾಸ್ತ್ರದ ಓದು ವ್ಯರ್ಥವಾಗಲಿಲ್ಲವೆಂಬುದನ್ನು ಆ ಕಾವ್ಯವನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮನಃಪೂರ್ವಕವಾಗಿ ಓದಿದ ವಿಷಯ ಯಾವುದೂ ನಷ್ಟವಾಗುವುದಿಲ್ಲ. ವಿಷಯವನ್ನು ಬದಲಿಸುವುದರಲ್ಲಿ ಅವಮಾನವೂ ಇಲ್ಲ.

ಕೊನೆಯದಾಗಿ, ಈ ಹೊಣೆಯೆಲ್ಲವನ್ನೂ ಹದಿನೇಳು ಹದಿನೆಂಟರ ಎಳೆಯರ ಮೇಲೆ ಹೊರಿಸಿ ಹಿರಿಯರು ನಿಶ್ಚಿಂತರಾಗಿರುವುದು ತರವಲ್ಲ. ಯಾವ ವಿಷಯವನ್ನು ಯಾರು ಬೋಧಿಸುತ್ತಾರೆ, ಹಿಂದಿನ ವರ್ಷದ ವೇಳಾಪಟ್ಟಿ ಹೇಗಿತ್ತು, ಕೊನೆಯ ವರ್ಷದಲ್ಲಿ ಏನನ್ನು ಓದಬೇಕಾಗುತ್ತದೆ ಎಂಬ ವಿವರಗಳನ್ನು ನೋಟೀಸ್ ಬೋರ್ಡಿನ ಮೇಲೆ ಆ ಅಕ್ಷರಗುಚ್ಛಗಳ ಜೊತೆಯಲ್ಲಿಯೇ ಪ್ರತಿಯೊಂದು ಕಾಲೇಜೂ ಪ್ರಕಟಿಸಬಹುದು. ಅದಕ್ಕೆ ಬೇಕಾದದ್ದು ನಾಲ್ಕು ಹಾಳೆ ಕಾಗದ. ಮೊದಲನೆಯ ವಾರದಲ್ಲಿ ಎಲ್ಲ ತರಗತಿಗಳ ಬಾಗಿಲನ್ನೂ ಹೊಸಬರಿಗೆ ತೆರೆದಿಟ್ಟು, ಯಾವ ಪಾಠಕ್ಕೆ ಬೇಕಾದರೂ ಕುಳಿತು ಕೇಳಿ, ವಾರದ ಕೊನೆಗೆ ನಿರ್ಧರಿಸಿ ಎನ್ನಬಹುದು. ಅದಕ್ಕೆ ಬೇಕಾದದ್ದು ಪ್ರಾಂಶುಪಾಲರ ಒಂದು ಆದೇಶ. ತಂದೆತಾಯಿಗಳು ಕಿಟಕಿಯ ಮುಂದೆ ನಿಲ್ಲುವುದಕ್ಕೆ ಒಂದು ದಿನ ಮುಂಚೆ ಮಗುವನ್ನು ಕೂರಿಸಿಕೊಂಡು, 'ನೀನು ಏನಾಗುತ್ತೀಯೆ?' ಎಂಬ ಪ್ರಶ್ನೆಯನ್ನು ಬದಿಗಿಟ್ಟು, 'ನಿನಗೆ ಏನನ್ನು ತಿಳಿಯಬೇಕೆಂಬ ಆಸೆಯಿದೆ?' ಎಂದು ಕೇಳಬಹುದು. ಅದಕ್ಕೆ ಬೇಕಾದದ್ದು ಉತ್ತರ ಬರುವವರೆಗೆ ಕಾಯುವ ಸಹನೆ. ಇವುಗಳಲ್ಲಿ ಯಾವುದೊಂದೂ ದುಸ್ಸಾಧ್ಯವಲ್ಲ, ಯಾವುದಕ್ಕೂ ಹೊಸ ನೀತಿಯೊಂದು ಬರುವ ತನಕ ಕಾಯಬೇಕಾಗಿಲ್ಲ. ಬರುವ ಜೂನ್ ತಿಂಗಳ ಪ್ರವೇಶಕ್ಕೆ ಮೊದಲೇ ನಮ್ಮ ಒಂದೊಂದು ಕಾಲೇಜೂ, ಒಂದೊಂದು ಮನೆಯೂ ಇದನ್ನು ಕೈಗೊಳ್ಳಲೆಂದು ಹೃತ್ಪೂರ್ವಕವಾಗಿ ಪ್ರಾರ್ಥಿಸುತ್ತೇನೆ.